ಮುತ್ತಜ್ಜಿಯ ಸೀರೆಗೆ ಯಾವ ಬಣ್ಣ?

ನಮ್ಮ ಹಳೆಯ ಆಲ್ಬಮ್ಮಿನ ಕಪ್ಪು-ಬಿಳುಪು ಫೋಟೋಗಳನ್ನು ಸ್ಕ್ಯಾನ್ ಮಾಡಿ, ಮೊಮ್ಮಗಳೂ ನಾನೂ ಕಂಪ್ಯೂಟರಿನಲ್ಲಿ ಹೊಸ ಆಲ್ಬಮ್ ಜೋಡಿಸುತ್ತಿದ್ದೇವೆ. ಬಣ್ಣ ಮಾತ್ರ ಕೈಯಿಂದಲೇ ಹಚ್ಚಿದಂತೆ ಕಾಣಬೇಕೆಂಬುದು ನಮ್ಮ ಹಟ. ಹಿಂದೆ ಸ್ಟುಡಿಯೋದವರು ಫೋಟೋಗಳಿಗೆ ಕುಂಚದಿಂದ ತೆಳುವಾಗಿ ಬಣ್ಣ ಬಳಿಯುತ್ತಿದ್ದರಲ್ಲ, ಹಾಗೆ.

ಮಕ್ಕಳೇ, ಇದಕ್ಕೆ ಕ್ರಿಟಾ ಎಂಬ ಉಚಿತ ತಂತ್ರಾಂಶ ಸಾಕು. ಫೋಟೋದ ಮೇಲೆ ಹೊಸದೊಂದು ಲೇಯರ್ ಸೇರಿಸಿ, ಗಾಜಿನ ಹಾಳೆ ಹಾಸಿದಂತೆ. ಅದನ್ನು ‘ಮಲ್ಟಿಪ್ಲೈ’ಗೆ ಬದಲಿಸಿದರೆ ಕೆಳಗಿನ ಗೆರೆ, ನೆರಳು ಮುಚ್ಚಿಹೋಗುವುದಿಲ್ಲ. ಒಂದೇ ಸಲಕ್ಕೆ ಬಣ್ಣ ಸುರಿಯಬೇಡಿ. ಗೋಡೆಗೆ ಪೇಂಟ್ ಹೊಡೆದಂತೆ ಕಾಣುತ್ತದೆ! ಪೆನ್ಸಿಲ್ ಬ್ರಷ್ ಆರಿಸಿ, ಸೀರೆಯ ನೆರಿಗೆ ಇಳಿದ ದಿಕ್ಕಿನಲ್ಲೇ ಗೀಚಿ. ನಡುನಡುವೆ ಖಾಲಿ ಉಳಿಯಲಿ. ಅಂಚು ದಾಟಿ ಒಂದೆರಡು ಗೆರೆ ಹೋದರೂ ಚೆಂದವೇ. ನೆರಳಿದ್ದಲ್ಲಿ ಇನ್ನೊಮ್ಮೆ ಎಳೆಯಿರಿ. ಮೂಲ ಫೋಟೋ ಕೆಳಗೆ ಹಾಗೆಯೇ ಇರುತ್ತದೆ.

ಆದರೆ ನನ್ನಮ್ಮನ ಮದುವೆ ಸೀರೆ ಯಾವ ಬಣ್ಣದ್ದು? ತಾನಾಗಿ ಬಣ್ಣ ತುಂಬುವ ಆಪ್‌ಗಳು ಊಹಿಸುತ್ತವಷ್ಟೆ. ಆ ಮದುವೆ ನೋಡಿದವರಲ್ಲಿ ಉಳಿದಿರುವವರು ಸೋದರತ್ತೆ ಒಬ್ಬರೇ. ಫೋನ್ ಮಾಡಿದೆ. “ಹಸಿರಲ್ಲ ಕಣೇ, ಅರಿಸಿನ ಬಣ್ಣ. ಅಂಚು ಮಾತ್ರ ಕೆಂಪು,” ಎಂದರು ತಡವರಿಸದೆ. ಈಗ ಪ್ರತಿ ಫೋಟೋದ ಕೆಳಗೆ ಬಣ್ಣ ಹೇಳಿದವರ ಹೆಸರನ್ನೂ ಬರೆಯುತ್ತಿದ್ದೇವೆ.