ಕೊಬ್ಬರಿಗೆ ನೇರ ಗಿರಾಕಿ: ಮೊಬೈಲಿನ ನೆರವು ಪಡೆಯುವುದು ಹೇಗೆ?

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಉಂಡೆ ಕೊಬ್ಬರಿಗೆ ದೇಶದಲ್ಲೆಲ್ಲ ಹೆಸರಿದೆ. ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಒಣಗಿಸಿ, ಸಿಪ್ಪೆ ಸುಲಿದು, ಚಿಪ್ಪು ಬಿಡಿಸಿ ಇಡೀ ಉಂಡೆಯನ್ನು ತೆಗೆಯುವ ಕುಶಲತೆ ಈ ಸೀಮೆಯ ರೈತರಿಗೆ ಕರಗತವಾಗಿದೆ. ಆದರೆ ಅದರ ಬೆಲೆ ನಿರ್ಧಾರವಾಗುವುದು ಹರಾಜಿನ ದಿನ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಕೆಳಗಿಳಿದಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಆಗಿದ್ದಾಗ ಧಾರಣೆ ಅದನ್ನು ಮೀರಿ ಬಹಳ ಮೇಲೇರಿತು. ಇಳಿದಾಗಲೂ ಏರಿದಾಗಲೂ ಬೆಲೆ ಕಟ್ಟಿದವನು ಬೆಳೆದವನಲ್ಲ.

ಇಡೀ ಬೆಳೆಯನ್ನು ನೇರವಾಗಿ ಬಳಕೆದಾರರಿಗೆ ಮಾರುವುದು ಸುಲಭವಲ್ಲ. ಅದು ಈ ಲೇಖನದ ಸಲಹೆಯೂ ಅಲ್ಲ. ಹತ್ತು ಚೀಲದಲ್ಲಿ ಒಂದು ಚೀಲವನ್ನಾದರೂ ಆಯ್ದ ಉಂಡೆಯಾಗಿ, ತುರಿಯಾಗಿ ಅಥವಾ ಗಾಣದ ಎಣ್ಣೆಯಾಗಿ ನೀವೇ ಬೆಲೆ ಕಟ್ಟಿ ಮಾರಬಹುದು. ಅದಕ್ಕೆ ಬೇಕಾದ ಗಿರಾಕಿಯನ್ನು ತಲುಪಲು ಮೊಬೈಲು ಅಗ್ಗದ ಸಾಧನ. ಅದನ್ನು ಬಳಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಗಿರಾಕಿಯ ಮಾತು

ಪದಾರ್ಥ ಬೇಕಾದವನು ಮೊಬೈಲಿನಲ್ಲಿ ಕೆಲವು ಪದಗಳನ್ನು ಬರೆದು ಅಥವಾ ಬಾಯಲ್ಲಿ ಹೇಳಿ ಹುಡುಕುತ್ತಾನೆ. ಆ ಪದಗಳಿಗೆ ಹೊಂದುವ ವಿವರ ಎಲ್ಲಿದೆಯೋ ಅದು ಅವನ ಕಣ್ಣಿಗೆ ಬೀಳುತ್ತದೆ. ನೀವು "ಉಂಡೆ ಕೊಬ್ಬರಿ" ಎಂದಷ್ಟೇ ಬರೆದರೆ ಕನ್ನಡಿಗರಿಗೆ ಮಾತ್ರ ಸಿಗುತ್ತೀರಿ. ಬೆಂಗಳೂರಿನ ಇಂಗ್ಲಿಷ್ ಬಲ್ಲ ಗೃಹಿಣಿ "ಡ್ರೈ ಕೊಕೊನಟ್" ಎಂದು ಹುಡುಕಬಹುದು. ಉತ್ತರ ಭಾರತದ ವ್ಯಾಪಾರಿ "ಖೋಪ್ರಾ", "ಗೋಲಾ" ಅಥವಾ "ಸೂಖಾ ನಾರಿಯಲ್" ಎನ್ನುತ್ತಾನೆ. ಆದುದರಿಂದ ಮಾಲಿನ ವಿವರವನ್ನು ಕನ್ನಡ, ಇಂಗ್ಲಿಷ್ ಮತ್ತು ಹಿಂದಿ ಈ ಮೂರರಲ್ಲಿಯೂ ಆಯಾ ಲಿಪಿಯಲ್ಲೇ ಬರೆಯಬೇಕು. ಊರು, ತಾಲ್ಲೂಕು, ಉಂಡೆಯ ಗಾತ್ರ, ಎಣ್ಣೆಯಾದರೆ ತೆಗೆದ ವಿಧಾನ, ಇವೆಲ್ಲ ಅದರಲ್ಲಿರಲಿ.

ನಕ್ಷೆಯಲ್ಲಿ ಹೆಸರು ಸೇರಿಸುವುದು

ಗೂಗಲ್ ಸಂಸ್ಥೆಯ ನಕ್ಷೆಯಲ್ಲಿ ವ್ಯವಹಾರದ ವಿವರ ಸೇರಿಸಲು ಶುಲ್ಕವಿಲ್ಲ. ಹತ್ತಿರದ ಅಂಗಡಿ ಹುಡುಕಿದಾಗ ಯಾರ ಹೆಸರು ಮೊದಲು ಬರಬೇಕೆಂಬುದು ಮುಖ್ಯವಾಗಿ ಮೂರು ಅಂಶಗಳ ಮೇಲೆ ನಿಂತಿದೆ: ಹುಡುಕಿದ ಪದಕ್ಕೂ ನಿಮ್ಮ ವಿವರಕ್ಕೂ ಇರುವ ಹೊಂದಿಕೆ, ಹುಡುಕುವವನಿಂದ ನಿಮಗಿರುವ ದೂರ, ಮತ್ತು ನಿಮ್ಮ ವ್ಯವಹಾರಕ್ಕಿರುವ ಹೆಸರು. ದೂರವನ್ನು ಬದಲಿಸಲಾಗದು. ಉಳಿದೆರಡೂ ನಿಮ್ಮ ಕೈಯಲ್ಲಿವೆ. ತುಮಕೂರು–ಶಿವಮೊಗ್ಗ ಹೆದ್ದಾರಿಯಲ್ಲಿ ಹೋಗುವ ಪ್ರಯಾಣಿಕ ಹತ್ತಿರದಲ್ಲಿ ಗಾಣದ ಎಣ್ಣೆ ಎಲ್ಲಿ ಸಿಗುತ್ತದೆಂದು ಹುಡುಕಿದಾಗ ನಿಮ್ಮ ಗಾಣ ಕಾಣಬೇಕಾದರೆ ಈ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಬೋರ್ಡಿನ ಮೇಲಿರುವ ಹೆಸರನ್ನೇ ನಕ್ಷೆಯಲ್ಲಿಯೂ ಕೊಡಬೇಕು. ಹೆಸರಿಗೆ ಬೇರೆ ಪದಗಳನ್ನು ಜೋಡಿಸುವುದು ಸಂಸ್ಥೆಯ ನಿಯಮಕ್ಕೆ ವಿರುದ್ಧ.

2. ಗಿರಾಕಿಯು ಬಂದು ಕೊಳ್ಳುವ ಸ್ಥಳವಿರಬೇಕು, ಇಲ್ಲವೇ ನೀವೇ ಅವನ ಮನೆಗೆ ಹೋಗಿ ತಲುಪಿಸುತ್ತಿರಬೇಕು. ಬರೀ ಕೊರಿಯರ್ ಮೂಲಕ ಮಾಲು ಕಳಿಸುವ ವ್ಯಾಪಾರಕ್ಕೆ ಈ ಸೌಲಭ್ಯ ಸಲ್ಲದು.

3. ಬಾಗಿಲು ತೆರೆದಿರುವ ವೇಳೆ ಮತ್ತು ದೂರವಾಣಿ ಸಂಖ್ಯೆ ಸರಿಯಾಗಿರಲಿ. ನಕ್ಷೆ ನಂಬಿ ಬಂದವನು ಬೀಗ ನೋಡಿ ಹಿಂದಿರುಗಿದರೆ ಮತ್ತೆ ಬರುವುದಿಲ್ಲ.

4. ಕೊಂಡವರನ್ನು ತಮ್ಮ ಅಭಿಪ್ರಾಯ ಬರೆಯುವಂತೆ ಕೇಳಬಹುದು. ಹಣ ಅಥವಾ ರಿಯಾಯಿತಿ ಕೊಟ್ಟು ಹೊಗಳಿಕೆ ಬರೆಸಬಾರದು. ದೂರು ಬಂದರೆ ಸಮಾಧಾನದಿಂದ ಉತ್ತರ ಬರೆಯಬೇಕು. ಅದನ್ನು ಮುಂದಿನ ಗಿರಾಕಿಯೂ ಓದುತ್ತಾನೆ.

ವಾಟ್ಸಾಪ್ ಮತ್ತು ಚಿತ್ರಗಳು

ನಕ್ಷೆ ಹೊಸ ಗಿರಾಕಿಯನ್ನು ತಂದರೆ, ವಾಟ್ಸಾಪ್ ಹಳೆಯ ಗಿರಾಕಿಯನ್ನು ಉಳಿಸುತ್ತದೆ. ಸಣ್ಣ ವ್ಯಾಪಾರಿಗಳಿಗೆಂದೇ 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಮಾಲಿನ ಚಿತ್ರ ಮತ್ತು ಬೆಲೆಯನ್ನು ಪಟ್ಟಿ ಮಾಡಿ ಇಡಬಹುದು. ಬೇಡದವರಿಗೆ ದಿನವೂ ಸಂದೇಶ ಕಳಿಸಿದರೆ ಅವರು ನಿಮ್ಮ ಸಂಖ್ಯೆಯನ್ನೇ ತಡೆಹಿಡಿಯುತ್ತಾರೆ. ಹೊಸದಾಗಿ ಎಣ್ಣೆ ತೆಗೆದಾಗ ಅಥವಾ ಅಟ್ಟದಿಂದ ಕಾಯಿ ಇಳಿಸಿದಾಗ ಒಂದು ಸಂದೇಶ ಸಾಕು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್‌ಗಳಿಗೆ ಹಾಕುವ ಚಿತ್ರ ನಿಮ್ಮ ತೋಟದ್ದೇ ಆಗಿರಲಿ. ಅಟ್ಟದಲ್ಲಿ ಹರಡಿದ ಕಾಯಿ, ಚಿಪ್ಪಿನಿಂದ ಉಂಡೆ ಬಿಡಿಸುವ ಕೈಚಳಕ, ಗಾಣದಿಂದ ಇಳಿಯುವ ಎಣ್ಣೆ, ಇವು ನಿಮಗೆ ನಿತ್ಯದ ಕೆಲಸ. ಪಟ್ಟಣದವರಿಗೆ ನೋಡಬೇಕೆನಿಸುವ ಸಂಗತಿ. ಹಗಲು ಬೆಳಕಿನಲ್ಲಿ ತೆಗೆದ ಒಂದು ನಿಮಿಷದ ಚಿತ್ರ ಸಾಕಾಗುತ್ತದೆ.

ಬೆಲೆಯ ಲೆಕ್ಕ

ಸ್ವಂತ ಕೊಬ್ಬರಿಯೆಂದು ಅದರ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಷ್ಟ ಖಂಡಿತ. ಉದಾಹರಣೆಗೆ, ಹರಾಜಿನಲ್ಲಿ ಕ್ವಿಂಟಾಲಿಗೆ 15,000 ರೂಪಾಯಿ ಸಿಗುವ ಕೊಬ್ಬರಿಯಿಂದ ಗಾಣದಲ್ಲಿ 55 ಕಿಲೋ ಎಣ್ಣೆ ಬಂದರೆ, ಕಿಲೋ ಎಣ್ಣೆಗೆ ಕೊಬ್ಬರಿಯ ಖರ್ಚೇ ಸುಮಾರು 273 ರೂಪಾಯಿ. ಇದರಿಂದ ಹಿಂಡಿಯ ಬೆಲೆ ಕಳೆದು, ಗಾಣದ ಕೂಲಿ, ಬಾಟಲಿ ಮತ್ತು ಸಾಗಣೆಯ ಖರ್ಚು ಸೇರಿಸಿ ಮಾರಾಟದ ಬೆಲೆ ಗೊತ್ತುಮಾಡಬೇಕು. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 920 ಗ್ರಾಂ ಎಂಬುದೂ ನೆನಪಿರಲಿ.

ಎಚ್ಚರಿಕೆಗಳು

ಆಹಾರ ಪದಾರ್ಥ ತಯಾರಿಸಿ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆದು, 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಎಣ್ಣೆಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬಂಥ ಪ್ರಚಾರ ಕಾನೂನಿಗೆ ವಿರುದ್ಧ.

ಹಣ ಕೊಟ್ಟರೆ ಗೂಗಲ್ ನಕ್ಷೆಯಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆಂದು ಕರೆ ಮಾಡುವವರನ್ನು ನಂಬಬೇಡಿ. ಆ ಸ್ಥಾನ ಮಾರಾಟಕ್ಕಿಲ್ಲ. ದೊಡ್ಡ ಖರೀದಿದಾರನೆಂದು ಹೇಳಿಕೊಂಡು, ಮುಂಗಡ ಪಡೆಯಲು ಗುಪ್ತಸಂಖ್ಯೆ ಒತ್ತಿರಿ ಎನ್ನುವವನು ಮೋಸಗಾರ. ಹಣ ಪಡೆಯಲು ಗುಪ್ತಸಂಖ್ಯೆ ಬೇಕಿಲ್ಲ, ಕೊಡಲು ಮಾತ್ರ ಬೇಕು. ಮೋಸ ಹೋದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಪ್ರಚಾರ ಗಿರಾಕಿಯನ್ನು ಒಮ್ಮೆ ಕರೆತರುತ್ತದೆ. ಎರಡನೆಯ ಸಲ ಕರೆತರುವುದು ಮಾಲಿನ ಗುಣ. ಸರಿಯಾಗಿ ಒಣಗದ, ಕೌಟು ವಾಸನೆಯ ಒಂದು ಉಂಡೆ ನೂರು ಚಿತ್ರಗಳ ಫಲವನ್ನು ಕೆಡಿಸುತ್ತದೆ. ಮೊದಲು ಒಂದೇ ಪದಾರ್ಥದಿಂದ ಆರಂಭಿಸಿ, ಪ್ರತಿ ಗಿರಾಕಿ ನಿಮ್ಮನ್ನು ಎಲ್ಲಿ ಕಂಡನೆಂದು ಕೇಳಿ ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳಲ್ಲಿ ಯಾವ ದಾರಿ ಫಲ ಕೊಡುತ್ತದೆಂದು ತಾನಾಗಿ ತಿಳಿಯುತ್ತದೆ. ತೆಂಗಿನ ಬೇಸಾಯ ಮತ್ತು ಸಂಸ್ಕರಣೆಯ ಬಗ್ಗೆ ಸಂದೇಹಗಳಿದ್ದರೆ ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.