ಹಾಡಿದವರ ಹಸ್ತಾಕ್ಷರ, ಓದುವವರಿಲ್ಲದ ಲಿಪಿ

ದೀಪಾವಳಿಗೆ ಮುಂಚೆ ಮನೆ ಗುಡಿಸಿ ಅಟ್ಟ ಖಾಲಿ ಮಾಡುವಾಗ ಹಳೆಯ ಕಾಗದಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಯವನ ಪಾಲಾಗುವುದು ವಾಡಿಕೆ. ಆ ರಾಶಿಯಲ್ಲಿ ಗುಲಾಬಿ, ಹಳದಿ, ನೀಲಿ ಹಾಳೆಗಳ ಪುಟ್ಟ ಪುಸ್ತಕವೊಂದು ಕಂಡರೆ ಒಮ್ಮೆ ಬಿಡಿಸಿ ನೋಡಿರೆಂದು ಓದುಗರಲ್ಲಿ ನಮ್ಮ ವಿನಂತಿ. ಅದು ಅಜ್ಜನೋ ದೊಡ್ಡಪ್ಪನೋ ಶಾಲೆಯ ದಿನಗಳಲ್ಲಿ ಇಟ್ಟುಕೊಂಡಿದ್ದ ಹಸ್ತಾಕ್ಷರ ಪುಸ್ತಕವಾಗಿರಬಹುದು.

ದೊಡ್ಡವರ ಸಹಿ ಪಡೆಯುವ ಹವ್ಯಾಸ ಒಂದು ಕಾಲದಲ್ಲಿ ನಮ್ಮ ದೇಶದಲ್ಲೆಲ್ಲ ಹಬ್ಬಿತ್ತು. ಗಾಂಧೀಜಿಯವರು ಒಂದು ಸಹಿಗೆ ಐದು ರೂಪಾಯಿ ಪಡೆದು ಹರಿಜನ ನಿಧಿಗೆ ಸೇರಿಸುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ನಾಯಕರ, ಸಾಹಿತಿಗಳ ಮಾತು ಅಚ್ಚಿನಲ್ಲಿ ಉಳಿದೇ ಉಳಿಯುತ್ತದೆ. ರಂಗದ ಮೇಲೆ ಹಾಡಿ ಕುಣಿದವರ ಪಾಡು ಬೇರೆ. ಪರದೆ ಬಿದ್ದೊಡನೆ ಅವರ ಕಲೆ ಮುಗಿಯಿತು. ಅವರು ಇದ್ದರು, ಇಂಥ ಊರಿಗೆ ಇಂಥ ದಿನ ಬಂದಿದ್ದರು ಎನ್ನುವುದಕ್ಕೆ ಒಂದು ಸಹಿಯೇ ಸಾಕ್ಷಿಯಾಗಿ ಉಳಿಯುವುದುಂಟು.

ಈ ಮಾತಿಗೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸೀಮೆ ಒಳ್ಳೆಯ ಉದಾಹರಣೆ. ಹಿರಣ್ಯಕೇಶಿ ನದಿಯ ದಡದ ಗಡಹಿಂಗ್ಲಜದ ಸುತ್ತಮುತ್ತ ನಮ್ಮ ಹಾಗೆಯೇ ಪರಭಾಷೆಯ ರಾಜ್ಯದಲ್ಲಿ ಬಾಳುವ ಕನ್ನಡ ಮನೆಗಳಿವೆ. ಅದೇ ನದಿ ಸ್ವಲ್ಪ ದೂರ ಹರಿದರೆ ಸಂಕೇಶ್ವರ, ಅಲ್ಲಿ ಕರ್ನಾಟಕ. ನೀರಿಗೆ ಗಡಿಯಿಲ್ಲ, ನಾಟಕದವರಿಗೂ ಇರಲಿಲ್ಲ.

ಪಶ್ಚಿಮದ ದೇಶಗಳಲ್ಲಿ ಒಪೆರಾ ಹೇಗೋ ಆ ಸೀಮೆಯಲ್ಲಿ ಸಂಗೀತ ನಾಟಕ ಹಾಗೆ. ಅದರ ಬೇರು ನಮ್ಮ ಕಡೆಗೇ ಚಾಚಿದೆ ಎಂದರೆ ಅತಿಶಯೋಕ್ತಿಯಲ್ಲ. ಕರ್ನಾಟಕದಿಂದ ಸಾಂಗ್ಲಿಗೆ ಬಂದ ಭಾಗವತರ ಮೇಳದ ಆಟವನ್ನು ನೋಡಿದ ಮೇಲೆಯೇ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಕೊಲ್ಹಾಪುರದಲ್ಲಿ ಹುಟ್ಟಿದ ಕೇಶವರಾವ್ ಭೋಸಲೆ (1890–1921) ತಮ್ಮ ‘ಲಲಿತಕಲಾದರ್ಶ’ ಮಂಡಳಿಯನ್ನು 1908ರಲ್ಲಿ ಕಟ್ಟಿದ್ದು ಹುಬ್ಬಳ್ಳಿಯಲ್ಲಿ. ಬಾಲಗಂಧರ್ವರ ಕೊನೆಯ ವರ್ಷಗಳ ಸಂಗಾತಿ, ಗಾಯಕಿ ನಟಿ ಗೋಹರಬಾಯಿ ಕರ್ನಾಟಕಿಯ ಊರು ಬೀಳಗಿ.

ಹಾಡುಗಾರರ ಮನೆತನವೂ ಹಾಗೆಯೇ ಹೆಣೆದುಕೊಂಡಿದೆ. ಗ್ವಾಲಿಯರ್ ಪದ್ಧತಿಯ ಹಾಡುಗಾರಿಕೆಯನ್ನು ದಕ್ಷಿಣಕ್ಕೆ ತಂದು ಇಚಲಕರಂಜಿಯ ಜಹಗೀರದಾರರ ಆಶ್ರಯದಲ್ಲಿದ್ದ ಬಾಲಕೃಷ್ಣಬುವಾ (1849–1926) ಅವರ ಶಿಷ್ಯರು ಮಿರಜದ ನೀಲಕಂಠಬುವಾ. ಅವರ ಶಿಷ್ಯರು ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು (1910–1992). ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದ್ದ ಮನ್ಸೂರರಿಗೆ ಮುಂದೆ ಗುರುಗಳಾದವರು ಕೊಲ್ಹಾಪುರದ ಆಸ್ಥಾನ ಗಾಯಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನ್. ಇಚಲಕರಂಜಿ, ಕೊಲ್ಹಾಪುರಗಳ ಎರಡು ಧಾರೆಗಳು ಒಬ್ಬ ಕನ್ನಡಿಗನ ಕಂಠದಲ್ಲಿ ಕೂಡಿದವು.

ಇಂಥವರ ಸಹಿಯಿರುವ ಒಂದು ಹಾಳೆ, ಕೆಳಗೆ ‘ಮೊಕ್ಕಾಂ’ ಎಂದು ಊರಿನ ಹೆಸರು ಮತ್ತು ತಾರೀಖು ಇದ್ದರೆ ಇತಿಹಾಸಕಾರನಿಗೆ ಅದು ದಾಖಲೆ. ಯಾವ ಕಂಪನಿ ಯಾವ ವರ್ಷ ಎಲ್ಲಿ ಬೀಡುಬಿಟ್ಟಿತ್ತು ಎಂಬುದು ಹಸ್ತಾಕ್ಷರ, ಕರಪತ್ರ, ಕಾಗದಗಳಿಂದಲೇ ತಿಳಿಯಬೇಕು.

ಕಟ್ಟಡಗಳನ್ನು ನೆಚ್ಚಿ ಕೂರುವಂತಿಲ್ಲ. ಶಾಹು ಮಹಾರಾಜರು ಕಟ್ಟಿಸಿದ, 1915ರಲ್ಲಿ ತೆರೆದ ಕೊಲ್ಹಾಪುರದ ಪ್ಯಾಲೇಸ್ ಥಿಯೇಟರ್‌ಗೆ ಆಮೇಲೆ ಕೇಶವರಾವ್ ಭೋಸಲೆಯವರ ಹೆಸರನ್ನೇ ಇಟ್ಟರು. 2024ರ ಆಗಸ್ಟ್ 8ರ ರಾತ್ರಿ ಅದು ಬೆಂಕಿಗೆ ಆಹುತಿಯಾಯಿತು. ಮರುದಿನವೇ ಕೇಶವರಾಯರ ಜನ್ಮದಿನ. ನೂರು ವರ್ಷಗಳ ರಂಗ ಒಂದು ರಾತ್ರಿಯಲ್ಲಿ ಬೂದಿಯಾಯಿತು.

ಕೇಶವರಾಯರು ತೀರಿಕೊಂಡ 1921ರಲ್ಲಿಯೇ ಇಟಲಿಯ ಒಪೆರಾ ಗಾಯಕ ಎನ್ರಿಕೋ ಕರೂಸೋ ಸಹ ತೀರಿಕೊಂಡ. ಆತ ವ್ಯಂಗ್ಯಚಿತ್ರ ಬರೆಯುವುದರಲ್ಲಿ ನಿಪುಣ. ತನ್ನದೇ ಮುಖವನ್ನು ಗೀಚಿ ಸಹಿ ಹಾಕಿದ ಹಾಳೆಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. 1902ರಲ್ಲಿ ಮಿಲಾನ್ ನಗರದಲ್ಲಿ ಕರೂಸೋನ ಹಾಡನ್ನು ಗ್ರಾಮಫೋನಿಗೆ ಹಿಡಿದ ಫ್ರೆಡ್ ಗೈಸ್‌ಬರ್ಗ್ ಅದೇ ವರ್ಷ ಕಲಕತ್ತೆಗೆ ಬಂದು ಗೌಹರ್ ಜಾನ್‌ಳ ಹಾಡನ್ನೂ ಹಿಡಿದ. ಅಂದಿನ ತಟ್ಟೆಗಳ ಕೊನೆಯಲ್ಲಿ ಗಾಯಕರು ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಅದನ್ನು ಕಂಠದ ಸಹಿ ಎನ್ನಬಹುದಲ್ಲವೇ?

ಈಗ ನಮ್ಮನ್ನು ಕಾಡುವ ಪ್ರಶ್ನೆಗೆ ಬರೋಣ. ಆ ಸೀಮೆಯ ಹಳೆಯ ಕಾಗದಗಳಲ್ಲಿ ಹಲವು ಮೋಡಿ ಲಿಪಿಯಲ್ಲಿವೆ. ಇಂದು ಮೋಡಿ ಬಲ್ಲವರು ವಿರಳ. ಮರಾಠಿ ಶಾಲೆಯಲ್ಲಿ ಓದಿದ ಕನ್ನಡ ಮನೆಯ ಮಗುವಿಗೆ ಅಜ್ಜನ ಪುಸ್ತಕದ ಮೋಡಿಯೂ ತಿಳಿಯದು, ಕನ್ನಡವೂ ತಿಳಿಯದು. ಓದಲಾಗದ ಕಾಗದಕ್ಕೆ ಮನೆಯಲ್ಲಿ ಬೆಲೆಯೆಲ್ಲಿ? ಬೆಂಕಿಯೂ ಬೇಡ, ಗೆದ್ದಲೂ ಬೇಡ. ಅಕ್ಷರ ಮರೆತರೆ ಸಾಕು, ಸಹಿ ಅಳಿಯಿತು. 1956ರಿಂದ ಕೇರಳದಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ಕನ್ನಡದಲ್ಲಿ ಹಾಕಿದ ಸಹಿ ನಮ್ಮ ಮನೆಯೊಂದರಲ್ಲಿದ್ದರೆ, ಮಲಯಾಳ ಮಾಧ್ಯಮದಲ್ಲಿ ಕಲಿಯುವ ಮೊಮ್ಮಗಳು ಅದನ್ನು ಗುರುತಿಸುವಳೇ?

ಆದ್ದರಿಂದ ಮಾಡಬೇಕಾದ ಮೊದಲ ಕೆಲಸಕ್ಕೆ ಖರ್ಚಿಲ್ಲ. ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾರ ಸಹಿ, ಯಾವ ಊರು, ಯಾವ ಆಟ ಎಂದು ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಬೇಕು. ಮೂಲದ ಮೇಲೆ ಪೆನ್ನು ತಾಗಿಸಕೂಡದು. ಬರೆಯಲೇಬೇಕಾದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ, ಒತ್ತದೆ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಇನ್ನೂ ಲೇಸು.

ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬಾರದು. ಕೆಲವು ವರ್ಷಗಳಲ್ಲಿ ಅದರ ಅಂಟು ಕಾಗದವನ್ನು ಕಂದಾಗಿಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ಬಿಸಿಲು ಬೀಳುವ ಗೋಡೆಯಲ್ಲಿ ತೂಗಿದರೆ ಶಾಯಿ ಮಾಸುತ್ತದೆ. ನಮ್ಮ ಆಟಿ ತಿಂಗಳ ಮಳೆಗೆ ಬೂಷ್ಟು ಹಿಡಿಯದಂತೆ ಒಣಗಿದ ಕಪಾಟಿನಲ್ಲಿ, ನೆಲದಿಂದ ಎತ್ತರದಲ್ಲಿ ಇಡಬೇಕು. ಮಳೆ ಬಿಟ್ಟ ಮೇಲೆ ಗಾಳಿಗೆ ತೆರೆಯಬೇಕು.

ಕೊಳ್ಳುವವರಿಗೂ ಎರಡು ಮಾತು. ಭೂತಕನ್ನಡಿಯಲ್ಲಿ ನೋಡಿದಾಗ ಸಹಿಯೂ ಚಿತ್ರದಂತೆ ಚುಕ್ಕಿ ಚುಕ್ಕಿಯಾಗಿ ಕಂಡರೆ ಅದು ಅಚ್ಚಿನದು. ಕೈಯಿಂದ ಬರೆದ ಗೆರೆ ಎಲ್ಲೋ ದಪ್ಪ, ಎಲ್ಲೋ ತೆಳು. ಬಾಲ್‌ಪಾಯಿಂಟ್ ಪೆನ್ನು ಅಂಗಡಿಗಳಲ್ಲಿ ಹಬ್ಬಿದ್ದು 1945ರ ನಂತರ; 1921ರಲ್ಲಿ ತೀರಿಕೊಂಡ ಕೇಶವರಾಯರು ಅದರಲ್ಲಿ ಸಹಿ ಹಾಕಿರಲಾರರು!

ಗುಜರಿಯವನ ತಕ್ಕಡಿಯಲ್ಲಿ ಇಂಥ ಪುಸ್ತಕದ ತೂಕ ಕೆಲವೇ ತೊಲ. ಅದರಿಂದ ಸಿಗುವ ಹಣ ಒಂದು ಚಹಾಕ್ಕೂ ಸಾಲದು. ಓದಬಲ್ಲ ಅಜ್ಜಿ ಮನೆಯಲ್ಲಿ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳೋಣ. ಮುಂದಿನ ವರ್ಷಕ್ಕೆಂದು ತಳ್ಳುವ ಕೆಲಸ ಇದಲ್ಲ.