ಆಫೀಸಿನ ನೀರು ಎಲ್ಲಿಂದ ಬರತ್ತೆ, ಎಲ್ಲಿಗೆ ಹೋಗತ್ತೆ?

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಲ್ಲಿ ಓಡಾಡೋರಿಗೆಲ್ಲ ಮಾಚೇನಹಳ್ಳಿ ಗೊತ್ತು. ಕೈಗಾರಿಕಾ ಪ್ರದೇಶ, ಐಟಿ ಪಾರ್ಕ್ ಎರಡೂ ಅಲ್ಲೇ ಇವೆ. 2023ರ ಫೆಬ್ರವರಿಯಲ್ಲಿ ಸೋಗಾನೆ ವಿಮಾನ ನಿಲ್ದಾಣ ಶುರುವಾದ ಮೇಲೆ "ಇನ್ನು ಇಲ್ಲೂ ದೊಡ್ಡ ಆಫೀಸುಗಳು ಬರತ್ತೆ" ಅಂತ ನಾವೂ ಮಾತಾಡಿಕೊಂಡಿದ್ದೇವೆ. ಬರಲಿ, ಡಿಗ್ರಿ ಮುಗಿದ ಮೇಲೆ ನಮಗೂ ಕೆಲಸ ಬೇಕಲ್ವಾ?

ಭದ್ರಾವತಿಯ ಕಬ್ಬಿಣದ ಮತ್ತು ಕಾಗದದ ಕಾರ್ಖಾನೆ ನೋಡಿದ ನಮಗೆ ಮಾಲಿನ್ಯ ಅಂದರೆ ಹೊಗೆ ಕೊಳವೆ, ಬಣ್ಣದ ನೀರು. ಆಫೀಸಲ್ಲಿ ಅದೆಲ್ಲ ಎಲ್ಲಿದೆ? ಎಸಿ, ಲ್ಯಾಪ್‌ಟಾಪ್, ಟಾಯ್ಲೆಟ್, ಅಷ್ಟೇ. ಆ ಟಾಯ್ಲೆಟ್ಟೇ ಈ ಲೇಖನದ ವಿಷಯ.

ಮೊದಲು ಲೆಕ್ಕ

ಈ ರಸ್ತೆಯಲ್ಲಿ 1,000 ಜನರ ಆಫೀಸ್ ಬರತ್ತೆ ಅಂತ ಇಟ್ಟುಕೊಳ್ಳೋಣ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಆಫೀಸಿನಲ್ಲಿ ಒಬ್ಬರಿಗೆ ದಿನಕ್ಕೆ 45 ಲೀಟರ್ ನೀರು. ಒಟ್ಟು 45,000 ಲೀಟರ್. ಅದರಲ್ಲಿ ಸುಮಾರು 80 ಶೇಕಡ ಕೊಳಚೆಯಾಗಿ ಹೊರಗೆ ಬರತ್ತೆ, ಅಂದರೆ 36,000 ಲೀಟರ್. 6,000 ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ಆರು.

ಒಬ್ಬರಿಗೆ 10 ಚದರ ಮೀಟರ್ ಜಾಗ ಅಂದರೂ ಕಟ್ಟಡ 10,000 ಚದರ ಮೀಟರ್. ಕೇಂದ್ರದ 2006ರ ಅಧಿಸೂಚನೆಯಲ್ಲಿ ಪರಿಸರ ಅನುಮತಿ ಬೇಕಾಗೋದು 20,000 ಚದರ ಮೀಟರಿನಿಂದ ಮೇಲಿನ ಕಟ್ಟಡಗಳಿಗೆ. ಹಾಗಾಗಿ ನಮ್ಮ ಆಫೀಸು ಆ ಪರೀಕ್ಷೆಗೆ ಕೂರೋದೇ ಇಲ್ಲ. ಇಂಥ ನಾಲ್ಕು ಆಫೀಸು ಬೇರೆಬೇರೆಯಾಗಿ ಬಂದರೂ ಹಾಗೇ, ಆದರೆ ನೆಲ ನಾಲ್ಕನ್ನೂ ಕೂಡಿಸಿಯೇ ಲೆಕ್ಕ ಹಾಕತ್ತೆ.

ನೆಲದ ಕೆಳಗೆ

ಒಳಚರಂಡಿ ಸಂಪರ್ಕ ಇಲ್ಲದ ಕಡೆ ಕೊಳಚೆ ಹೋಗೋದು ಇಂಗುಗುಂಡಿಗೆ. ಕುಡಿಯುವ ನೀರು ಬರೋದು ಅದೇ ಕಾಂಪೌಂಡಿನ ಬೋರ್‌ವೆಲ್‌ನಿಂದ. ಎರಡರ ನಡುವೆ ಕನಿಷ್ಠ 18 ಮೀಟರ್ ದೂರ ಇರಲಿ ಅನ್ನುತ್ತೆ ಭಾರತೀಯ ಮಾನಕ. ಮಣ್ಣು ದಪ್ಪವಾಗಿದ್ದರೆ ಅದು ಜರಡಿ ಥರ ಕೆಲಸ ಮಾಡತ್ತೆ. ಆದರೆ ನಮ್ಮದು ಗಟ್ಟಿ ಬಂಡೆಯ ನಾಡು. ಮೇಲೆ ಒಂದಿಷ್ಟು ಮಣ್ಣು, ಕೆಳಗೆ ಶಿಥಿಲ ಕಲ್ಲು, ಅದರ ಕೆಳಗೆ ಬಿರುಕುಗಳು. ಬೋರ್‌ವೆಲ್‌ಗೆ ನೀರು ಸಿಗೋದು ಆ ಬಿರುಕಲ್ಲೇ. ಕೊಳಚೆ ಒಮ್ಮೆ ಬಿರುಕಿಗೆ ಇಳಿದರೆ ಸೋಸುವವರು ಯಾರೂ ಇಲ್ಲ.

ಇದರಲ್ಲಿ ಹಠಮಾರಿ ಅಂದರೆ ನೈಟ್ರೇಟ್. ಮೂತ್ರದ ಅಮೋನಿಯಾ ಮಣ್ಣಲ್ಲಿ ನೈಟ್ರೇಟ್ ಆಗತ್ತೆ. ಮಣ್ಣು ಅದನ್ನ ಹಿಡಿದಿಡಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದರೂ ಹೋಗಲ್ಲ. ಕುಡಿಯುವ ನೀರಲ್ಲಿ ಲೀಟರಿಗೆ 45 ಮಿಲಿಗ್ರಾಂ ಮಿತಿ. ಮೀರಿದರೆ ಹೆಚ್ಚು ಅಪಾಯ ಹಸುಗೂಸುಗಳಿಗೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೇ ಬಂದಿದ್ದರಿಂದ ಎಲ್ಲರೂ ನೋಡಿದರು. ಬಂಡೆಯೊಳಗಿನ ನೀರು ಕೆಟ್ಟರೆ ನೊರೆ ಬರಲ್ಲ.

ಸೋಮವಾರದ ಸಮಸ್ಯೆ

"ಎಸ್‌ಟಿಪಿ ಹಾಕಿದರೆ ಆಯ್ತಲ್ಲ?" ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಎಸ್‌ಟಿಪಿಯಲ್ಲಿ ಕೆಲಸ ಮಾಡೋದು ಬ್ಯಾಕ್ಟೀರಿಯಾ, ಅವಕ್ಕೆ ದಿನಾ ಊಟ ಬೇಕು. ಶನಿವಾರ, ಭಾನುವಾರ ಆಫೀಸಿಗೆ ರಜೆ, ಅವಕ್ಕೆ ಉಪವಾಸ. ಸೋಮವಾರ ಬೆಳಿಗ್ಗೆ ಒಮ್ಮೆಲೇ ಹಬ್ಬದೂಟ. ಮೇಲಾಗಿ ಆಫೀಸಲ್ಲಿ ಸ್ನಾನ, ಬಟ್ಟೆ ಒಗೆಯೋ ನೀರು ಇಲ್ಲದ್ದರಿಂದ ಕೊಳಚೆಯಲ್ಲಿ ಅಮೋನಿಯಾ ಪಾಲು ಮನೆಗಿಂತ ಜಾಸ್ತಿ. ಅಪಾರ್ಟ್‌ಮೆಂಟಿನ ಡಿಸೈನ್ ಕಾಪಿ ಮಾಡಿದರೆ ಸಾಲದು. ಕೊಳಚೆಯನ್ನ ಕೂಡಿಟ್ಟು ಸಮನಾಗಿ ಬಿಡೋ ದೊಡ್ಡ ತೊಟ್ಟಿ, ನೈಟ್ರೋಜನ್ ತೆಗೆಯೋ ಹಂತ ಎರಡೂ ಬೇಕು.

ಒಳ್ಳೆ ಸುದ್ದಿನೂ ಇದೆ. ಆ 45 ಲೀಟರಲ್ಲಿ 20 ಲೀಟರ್ ಫ್ಲಶ್‌ಗೆ. ಶುದ್ಧೀಕರಿಸಿದ ನೀರನ್ನೇ ಅದಕ್ಕೆ ಬಳಸಿದರೆ ದಿನಕ್ಕೆ 20,000 ಲೀಟರ್ ಉಳಿತಾಯ. 2,000 ಚದರ ಮೀಟರ್ ಚಾವಣಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 40,000 ಲೀಟರ್. ಮಲೆನಾಡಿನ ಹೆಬ್ಬಾಗಿಲಲ್ಲಿ ಇದನ್ನ ಚರಂಡಿಗೆ ಬಿಡೋದು ಅನ್ಯಾಯ.

ಕೇಳೋಣ

ಆಫೀಸ್ ಬರೋ ಸುದ್ದಿ ಬಂದಾಗ ಎಷ್ಟು ಕೆಲಸ ಅಂತ ಕೇಳುವುದರ ಜೊತೆಗೆ ಇಷ್ಟನ್ನೂ ಕೇಳೋಣ: ನೀರು ನದಿಯದ್ದಾ, ಬೋರ್‌ವೆಲ್‌ದ್ದಾ? ಕೊಳಚೆ ಕೊನೆಗೆ ಸೇರೋದು ಎಲ್ಲಿಗೆ? ಸುತ್ತಲಿನ ಬಾವಿಗಳ ನೈಟ್ರೇಟ್ ಈಗ ಎಷ್ಟಿದೆ? ಕೊನೆಯದು ಮುಖ್ಯ. ಕಟ್ಟುವ ಮೊದಲೇ ಅಳೆದು ಇಡದಿದ್ದರೆ, ಕಟ್ಟಿದ ಮೇಲೆ ಏನು ಬದಲಾಯ್ತು ಅಂತ ತೋರಿಸೋಕೆ ಆಗಲ್ಲ.

ಬೇಸಿಗೆಯಲ್ಲಿ ನದಿ ಹರಿಯೋದರಲ್ಲಿ ಅಂತರ್ಜಲದ ಪಾಲೂ ಇದೆ. ತುಂಗೆ, ಭದ್ರೆ ಕೂಡ್ಲಿಯಲ್ಲಿ ಒಂದಾಗಿ ಹೊನ್ನಾಳಿ, ಹರಿಹರದ ಕಡೆ ಹೋಗುತ್ತವೆ. ನಾವು ಫ್ಲಶ್ ಮಾಡಿ ಮರೆತದ್ದು ಅಲ್ಲಿ ಯಾರದೋ ಕೊಡಕ್ಕೆ ಬೀಳಬಾರದು.